ಭಾರದ ದೋಣಿ ನೆಲಕ್ಕೆ ಬಡಿದರೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವ ಹುಡುಗ ಮೊಬೈಲಿನಲ್ಲಿ ಐಎನ್‌ಎಸ್‌ವಿ ಮಾದೇಯಿಯ ಫೋಟೋ ತೋರಿಸಿದ. ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿಯ ಹೆಸರನ್ನೇ ಹೊತ್ತು ಜಗತ್ತು ಸುತ್ತಿದ ನೌಕಾಪಡೆಯ 56 ಅಡಿಯ ಹಾಯಿದೋಣಿ ಅದು. "ಸರ್, ಇಷ್ಟು ಭಾರದ್ದು ಕಲ್ಲಿಗೆ ಬಡದ್ರೂ ಏನೂ ಆಗೂದಿಲ್ಲ, ಹೌದಲ್ರಿ?" ಅಂದ.

ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿ ದೋಣಿಗಳ ತಳ ಪರೀಕ್ಷೆ ಮಾಡುವುದು ನನ್ನ ಕೆಲಸ. ಈ ಪ್ರಶ್ನೆಯನ್ನು ದೋಣಿ ಮಾಲೀಕರೂ ಕೇಳುತ್ತಾರೆ. ಬರೀ ಭಾರ ದೋಣಿಯನ್ನು ಕಾಪಾಡುವುದಿಲ್ಲ. ಒಂದೇ ವೇಗದಲ್ಲಿ ಬಡಿದರೆ 8 ಟನ್ನಿನ ದೋಣಿಗಿಂತ 20 ಟನ್ನಿನ ದೋಣಿ ತಡೆದುಕೊಳ್ಳಬೇಕಾದ ಶಕ್ತಿ ಎರಡೂವರೆ ಪಟ್ಟು. ಮೊದಲ ಪೆಟ್ಟಿಗಿಂತ ಆಮೇಲಿನದು ಕೆಟ್ಟದ್ದು. ಅಲೆ ಎತ್ತುತ್ತದೆ, ಕುಕ್ಕುತ್ತದೆ. ಏಳು ಸೆಕೆಂಡಿಗೊಂದು ಅಲೆ ಬಂದರೂ ಗಂಟೆಗೆ ಐನೂರು ಸಲ. ಮರಳಾದರೆ ಸ್ವಲ್ಪ ಪುಣ್ಯ, ಬಂಡೆಯಾದರೆ ಒಂದು ರಾತ್ರಿಯೇ ಜಾಸ್ತಿ.

ಆದರೂ ಕೆಲವು ಭಾರದ ದೋಣಿಗಳು ಉಳಿಯುತ್ತವೆ. 1982ರ ಡಿಸೆಂಬರಿನಲ್ಲಿ ಮೆಕ್ಸಿಕೋದ ಕಾಬೋ ಸಾನ್ ಲುಕಾಸಿನಲ್ಲಿ ಬಿರುಗಾಳಿಗೆ ಸಾಕಷ್ಟು ಹಾಯಿದೋಣಿಗಳು ದಡಕ್ಕೆ ಬಿದ್ದವು. ಅದರಲ್ಲಿ ಫ್ರಾನ್ಸಿನ ಹೆಸರಾಂತ ಹಾಯಿದೋಣಿಗ ಮೊಯಿಟೆಸಿಯೇ ಅವರ 'ಜೋಶುವಾ' ಕೂಡ ಇತ್ತು. ಅದು ಉಕ್ಕಿನ ದೋಣಿ. ಪಟಸ್ತಂಭ ಹೋಯಿತು, ಮೈ ನೆಗ್ಗಿತು, ಆದರೆ ದೋಣಿ ಉಳಿಯಿತು. ಈಗ ಫ್ರಾನ್ಸಿನ ಲಾ ರೋಶೆಲ್ ಮ್ಯೂಸಿಯಂನಲ್ಲಿದೆ. ತಾಮ್ರದ ಕೊಡ ಬಿದ್ದರೆ ತಗ್ಗು ಬೀಳುತ್ತದೆ, ಗಡಿಗೆ ಬಿದ್ದರೆ ಒಡೆಯುತ್ತದೆ, ಅಲ್ವಾ? ಉಕ್ಕಿನದು ಕೊಡದ ಸ್ವಭಾವ. ಜೊತೆಗೆ ಇಂಥ ದೋಣಿಗಳಲ್ಲಿ ಕೀಲ್, ಅಂದರೆ ತಳದಿಂದ ನೀರೊಳಗೆ ಇಳಿದಿರುವ ಭಾರದ ಭಾಗ, ಉದ್ದಕ್ಕೂ ಮೈಗೆ ಸೇರಿಯೇ ಇರುತ್ತದೆ. ಪೆಟ್ಟು ಇಡೀ ತಳಕ್ಕೆ ಹಂಚಿಹೋಗುತ್ತದೆ.

ಬೋಲ್ಟು ಹಾಕಿ ನೇತುಬಿಟ್ಟ ಕಿರಿದಾದ ಆಳದ ಕೀಲ್ ಬೇರೆಯೇ ಲೆಕ್ಕ. ಅದರ ತುದಿಗೆ ಬಂಡೆ ತಾಗಿದರೆ ಹಾರೆ ಹಾಕಿ ಮೀಟಿದ ಹಾಗೆ. ಮುಂದಿನ ಬೋಲ್ಟುಗಳು ಜಗ್ಗುತ್ತವೆ, ಹಿಂದಿನ ಅಂಚು ದೋಣಿಯ ಹೊಟ್ಟೆಯನ್ನು ಒಳಕ್ಕೆ ಒತ್ತುತ್ತದೆ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್‌ನಲ್ಲಿ 'ಚೀಕಿ ರಫೀಕಿ' ಎಂಬ ಹಾಯಿದೋಣಿಯ ಕೀಲ್ ಕಳಚಿಬಿತ್ತು. ಅದರಲ್ಲಿದ್ದ ನಾಲ್ವರೂ ಜೀವ ಕಳೆದುಕೊಂಡರು. ಹಿಂದೆ ನೆಲಕ್ಕೆ ಬಡಿದದ್ದು, ಆಮೇಲೆ ಮಾಡಿದ ರಿಪೇರಿ, ಎರಡೂ ಸೇರಿ ಆ ಜಾಗವನ್ನು ದುರ್ಬಲ ಮಾಡಿರಬಹುದು ಎಂದಿತು ಬ್ರಿಟನ್ನಿನ ತನಿಖೆ. ಆ ವರದಿ ಓದಿದ ಮೇಲೆ ನಾನು ಯಾವ ದೋಣಿಯನ್ನೂ ಹೊರಗಿನಿಂದಷ್ಟೇ ನೋಡಿ ಪಾಸು ಮಾಡಿಲ್ಲ.

ಒಮ್ಮೆ ಮಾಲೀಕರೊಬ್ಬರು, "ಸುಮ್ನೆ ಮರಳಿಗೆ ತಾಗಿದ್ದು, ಬಣ್ಣ ಹೋಗಿದೆ ಅಷ್ಟೇ" ಎಂದರು. ಹೊರಗೆ ನಿಜಕ್ಕೂ ಅಷ್ಟೇ ಕಾಣುತ್ತಿತ್ತು. ಒಳಗೆ ಹಲಗೆ ಎತ್ತಿಸಿದೆ. ಸಂತೆಯಲ್ಲಿ ಗಡಿಗೆ ಬಡಿದು ನೋಡುವಂತೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಠಣ್, ಠಣ್. ಕೀಲಿನ ಹಿಂದಿನ ಅಂಚಿನ ಮೇಲೆ ಬಂದಾಗ ಧಪ್ ಎಂದಿತು. ತಳಕ್ಕೆ ಬಲ ಕೊಡುವ ಅಡ್ಡಪಟ್ಟಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಬೋಲ್ಟಿನ ವಾಷರಿನ ಸುತ್ತ ತುಕ್ಕಿನ ನೀರು ಒಸರಿದ ಗೆರೆ.

ಕೀಲ್ ಬಿಚ್ಚಿಸಿದೆವು. ಹಿಂದಿನ ಎರಡು ಬೋಲ್ಟುಗಳು ನಡುವಿನಲ್ಲಿ ಸವೆದು ಪೆನ್ಸಿಲ್ ಗಾತ್ರಕ್ಕೆ ಬಂದಿದ್ದವು. ಅದರಲ್ಲಿ ಒಂದನ್ನು ಇಟ್ಟುಕೊಂಡಿದ್ದೇನೆ. ಆ ಹುಡುಗನ ಕೈಗೆ ಅದನ್ನೇ ಕೊಟ್ಟೆ.