ವಠಾರ ಕರಗಿದ ಬಗೆ: ಚಿಕ್ಕಮಗಳೂರಿನ ನಡುಪೇಟೆಯಿಂದ ಬಾಡಿಗೆದಾರರು ಹೊರಬಿದ್ದ ಹಿನ್ನೆಲೆ

ಚಿಕ್ಕಮಗಳೂರಿನ ಬಸವನಹಳ್ಳಿಯ ಅಡ್ಡರಸ್ತೆಯೊಂದರಲ್ಲಿ ನಾನು ಕಂಡಂತೆ ಮಂಗಳೂರು ಹೆಂಚಿನ ಒಂದು ವಠಾರವಿತ್ತು. ಬೀದಿಗೆ ಮುಖಮಾಡಿದ ಜಗಲಿಮನೆಯಲ್ಲಿ ಮಾಲೀಕರು, ಒಳಗಿನ ಓಣಿಯ ಎರಡೂ ಬದಿಗೆ ಐದು ಬಾಡಿಗೆ ಮನೆಗಳು, ಓಣಿಯ ಕೊನೆಯಲ್ಲಿ ಒಂದೇ ನಲ್ಲಿ ಮತ್ತು ಬಟ್ಟೆ ಒಗೆಯುವ ಕಲ್ಲು. ಒಂದು ಮನೆಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು, ಎದುರಿನದರಲ್ಲಿ ಕಾಫಿ ಕ್ಯೂರಿಂಗ್ ಕಾರ್ಖಾನೆಯ ಗುಮಾಸ್ತರು, ಅದರಾಚೆ ಅದೇ ಕಾರ್ಖಾನೆಯಲ್ಲಿ ಬೀಜ ಆರಿಸಲು ಹೋಗುತ್ತಿದ್ದ ತಾಯಿ ಮಗಳು, ಕೊನೆಯ ಮನೆಯ ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರವಿಟ್ಟುಕೊಂಡಿದ್ದ ಒಬ್ಬ ಹೆಂಗಸು. ನೀರು ಬರುವ ಹೊತ್ತಿಗೆ ಇವರೆಲ್ಲರ ಕೊಡಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು. ಈಗ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ವಸತಿಗೃಹವಿದೆ. ಶನಿವಾರ ಬಂತೆಂದರೆ ಬೆಂಗಳೂರು ನೋಂದಣಿಯ ಕಾರುಗಳು ಓಣಿಯ ಬಾಯಿಯವರೆಗೂ ನಿಂತಿರುತ್ತವೆ.

ಈ ಬಗೆಯ ಬದಲಾವಣೆಗೆ 'ಜೆಂಟ್ರಿಫಿಕೇಶನ್' ಎಂಬ ಹೆಸರಿಟ್ಟವರು ರುತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ. ಲಂಡನ್ನಿನ ಇಸ್ಲಿಂಗ್ಟನ್‌ನಂಥ ಬಡಾವಣೆಗಳಲ್ಲಿ ದುಡಿಯುವವರ ಹಳೆಯ ಮನೆಗಳನ್ನು ಮಧ್ಯಮವರ್ಗದವರು ಒಂದೊಂದಾಗಿ ಕೊಂಡು ಚಂದಗೊಳಿಸುತ್ತ ಹೋದಂತೆ ಅಲ್ಲಿನ ಮೂಲನಿವಾಸಿಗಳು ಜಾಗ ಖಾಲಿ ಮಾಡಬೇಕಾಗಿ ಬಂದದ್ದನ್ನು ಅವರು 1964ರಲ್ಲಿ ಗುರುತಿಸಿದರು. ಹೀಗೇಕಾಗುತ್ತದೆ ಎಂಬುದಕ್ಕೆ 1979ರಲ್ಲಿ ಭೂಗೋಳಶಾಸ್ತ್ರಜ್ಞ ನೀಲ್ ಸ್ಮಿತ್ ಕೊಟ್ಟ ವಿವರಣೆ ನಮ್ಮ ಊರಿನ ಹೆಂಚಿನ ಮನೆಗೂ ಒಪ್ಪುತ್ತದೆ: ಈಗಿರುವ ಕಟ್ಟಡದಿಂದ ನೆಲಕ್ಕೆ ಹುಟ್ಟುವ ಆದಾಯಕ್ಕೂ ಅದೇ ನೆಲ ಬೇರೆ ಬಳಕೆಯಲ್ಲಿ ಹುಟ್ಟಿಸಬಲ್ಲ ಆದಾಯಕ್ಕೂ ನಡುವಿನ ಅಂತರ ಹಿಗ್ಗುತ್ತ ಹಿಗ್ಗುತ್ತ, ಕಟ್ಟಡವನ್ನು ಉಳಿಸಿಕೊಳ್ಳುವುದಕ್ಕಿಂತ ಕೆಡವುವುದೇ ಲಾಭವೆನಿಸುವ ದಿನ ಬಂದೇ ಬರುತ್ತದೆ.

ಆದರೆ ವಠಾರವನ್ನು ನೆನೆದು ಹಳೆಯ ಊರೇ ಸಾಮರಸ್ಯದ ತವರಾಗಿತ್ತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. 'ಊರು ಕೇರಿ' ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಜೋಡಿಪದದಲ್ಲೇ ಯಾರು ಒಳಗೆ, ಯಾರು ಹೊರಗೆ ಎಂಬುದು ಅಡಗಿದೆ. ಚಿಕ್ಕಮಗಳೂರಿಗೆ ಅಂಟಿಕೊಂಡ ಹಿರೇಮಗಳೂರು ಅಗ್ರಹಾರವಾಗಿ ಬೆಳೆದ ಊರು. ಅಂಥ ಬೀದಿಗಳಲ್ಲಿ ಯಾರಿಗೆ ಮನೆ ಸಿಗುತ್ತಿತ್ತು, ಯಾರಿಗೆ ಸಿಗುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ವಠಾರದಲ್ಲೂ ಬೆರೆತದ್ದು ಹೆಚ್ಚಾಗಿ ವರ್ಗಗಳೇ ಹೊರತು ಎಲ್ಲ ಜಾತಿಗಳಲ್ಲ. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕ ಇವತ್ತಿಗೂ ಬಾಡಿಗೆ ಮನೆಗಳ ಗೇಟಿನಲ್ಲಿ ನೇತಾಡುತ್ತದೆ, ಅದರ ನಿಜವಾದ ಅರ್ಥ ಅಡುಗೆಮನೆಗಷ್ಟೇ ಸೇರಿದ್ದಲ್ಲ. ಇಷ್ಟಾದರೂ ಮೇಷ್ಟ್ರೂ ಬೀಜ ಆರಿಸುವವಳೂ ಒಂದೇ ನಲ್ಲಿಯ ನೀರು ಹಿಡಿದದ್ದು ನಿಜ. ಅದು ಯಾರೋ ಬಯಸಿ ಮಾಡಿದ ಬೆರಕೆಯಾಗಿರಲಿಲ್ಲ, ಪೇಟೆಯ ನಡುವೆ ಕೈಗೆಟುಕುವ ಬಾಡಿಗೆ ಇದ್ದುದರಿಂದ ತಾನಾಗಿ ಆದ ಬೆರಕೆ.

ಆ ಬಾಡಿಗೆಯನ್ನು ಹಿಡಿದು ನಿಲ್ಲಿಸಿದ್ದರಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪಾಲು ದೊಡ್ಡದು. ಕಾಯ್ದೆಯಲ್ಲಿ ಹೇಳಿದ ಕಾರಣಗಳಿಲ್ಲದೆ ಬಾಡಿಗೆದಾರರನ್ನು ಬಿಡಿಸುವಂತಿರಲಿಲ್ಲ. ಇದರ ಇನ್ನೊಂದು ಮುಖವೂ ಉಂಟು: ಬರುವ ಬಾಡಿಗೆಯಲ್ಲಿ ಹೆಂಚು ಬದಲಿಸುವ ಖರ್ಚೂ ಹುಟ್ಟದೆ ಮಾಲೀಕರು ದುರಸ್ತಿಯನ್ನೇ ಕೈಬಿಟ್ಟರು, ಗೋಡೆಗಳು ಮಳೆಗಾಲಕ್ಕೊಮ್ಮೆ ಉಬ್ಬಿ ಸುಣ್ಣ ಉದುರಿಸಿದವು. ಆಮೇಲೆ ಬಂದ 1999ರ ಬಾಡಿಗೆ ಕಾಯ್ದೆ, ಊರಿನ ದರ್ಜೆಗೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ದಾಟಿದ ಬಾಡಿಗೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಆ ಮೊತ್ತಕ್ಕೆ ಇಂದು ಪೇಟೆಯಲ್ಲಿ ಒಂದು ಕೋಣೆಯೂ ಸಿಗದು. ಹೀಗಾಗಿ ಕಾಯ್ದೆಯ ರಕ್ಷಣೆ ಕಾಗದದಲ್ಲಿ ಉಳಿದು, ಬಾಡಿಗೆದಾರರ ಕೈಯಲ್ಲಿ ಉಳಿದದ್ದು ನೋಂದಣಿಯ ಗೊಡವೆ ಬೇಡವೆಂದು ಬರೆಸುವ ಹನ್ನೊಂದು ತಿಂಗಳ ಕರಾರು ಮಾತ್ರ.

ಇದೇ ಹೊತ್ತಿಗೆ ಕಾಫಿಯ ದುಡ್ಡಿನ ದಾರಿಯೂ ಬದಲಾಗಿತ್ತು. ದಶಕಗಳ ಕಾಲ ಎಲ್ಲರ ಬೀಜವನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಬೀಜ ಒಪ್ಪಿಸಿ ಕಂತಿನಲ್ಲಿ ಹಣ ಪಡೆಯುತ್ತಿದ್ದ ಬೆಳೆಗಾರರಿಗೆ 1990ರ ದಶಕದ ಮೊದಲರ್ಧದಲ್ಲಿ ಹಂತಹಂತವಾಗಿ ಮುಕ್ತ ಮಾರಾಟದ ಅವಕಾಶ ಸಿಕ್ಕಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟಾಗ ಜಗತ್ತಿನ ಬೆಲೆ ನೆಗೆಯಿತು. ತೋಟದ ಹಣ ಪಟ್ಟಣದ ನಿವೇಶನಗಳಿಗೆ ಹರಿಯಿತು. 2000ದ ಆಸುಪಾಸಿನಲ್ಲಿ ಬೆಲೆ ನೆಲಕಚ್ಚಿದಾಗ ಅದೇ ಬೆಳೆಗಾರರಲ್ಲಿ ಹಲವರು ತೋಟದ ಮನೆಯನ್ನು ಹೋಂಸ್ಟೇ ಮಾಡಿಕೊಂಡರು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ನೋಡಲು ಬರುವ ಜನ ಹೆಚ್ಚಿದಂತೆ ವಸತಿಯ ವ್ಯಾಪಾರ ಗಿರಿಯಿಂದ ಪೇಟೆಗೂ ಇಳಿಯಿತು. 2013ರಲ್ಲಿ ಕಡೂರಿನಿಂದ ರೈಲು ಬಂತು, ಈಚೆಗೆ ವೈದ್ಯಕೀಯ ಕಾಲೇಜೂ ಬಂತು. 2020ರ ಭೂಸುಧಾರಣಾ ತಿದ್ದುಪಡಿ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಊರ ಅಂಚಿನ ಹೊಲಗದ್ದೆಗೂ ಹೊರಗಿನ ಹಣ ಹೊಂಚು ಹಾಕತೊಡಗಿತು. ರೈಲನ್ನಾಗಲಿ ಕಾಲೇಜನ್ನಾಗಲಿ ಬೇಡವೆನ್ನುವವರು ಯಾರೂ ಇಲ್ಲ. ಆದರೆ ಒಂದೊಂದು ಅನುಕೂಲವೂ ನಡುಪೇಟೆಯ ನೆಲದ ಬೆಲೆಯನ್ನು ಏರಿಸಿತು, ಏರಿದ ಬೆಲೆಯನ್ನು ತೆತ್ತವರು ಅಲ್ಲಿ ನೆಲವಿಲ್ಲದವರು.

ಹೀಗೆ ಹೊರಬಿದ್ದವರು ಎಲ್ಲಿಗೆ ಹೋಗಬೇಕು? ಹೊಸ ಬಡಾವಣೆಯ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿ ನೋಡಿದರೆ ಉತ್ತರ ಸಿಗುತ್ತದೆ. ಉದ್ಯಾನದ ಎದುರು, ಅಗಲದ ರಸ್ತೆಗೆ ನಲವತ್ತು-ಅರವತ್ತರ ಸೈಟುಗಳು; ಒಳರಸ್ತೆಗಳಿಗೆ ಮೂವತ್ತು-ನಲವತ್ತು; ಮೂಲೆಯಲ್ಲಿ, ಅನೇಕ ವೇಳೆ ರಾಜಕಾಲುವೆಯ ಪಕ್ಕ, ಇಪ್ಪತ್ತು-ಮೂವತ್ತರ ಸಾಲು. ಮನೆ ಏಳುವ ಮೊದಲೇ ಅಳತೆಗೋಲು ಜನರನ್ನು ವಿಂಗಡಿಸಿಬಿಟ್ಟಿರುತ್ತದೆ. 1990ರ ದಶಕದ ಆರಂಭದಲ್ಲಿ ಶುರುವಾದ ಆಶ್ರಯ ಯೋಜನೆ ಬಡವರಿಗೆ ಸ್ವಂತ ಸೂರು ಕೊಟ್ಟಿತು, ಅದು ಸಣ್ಣ ಮಾತಲ್ಲ. ಆದರೆ ಆ ಸೂರುಗಳಿಗೆ ಸಿಕ್ಕ ಜಾಗ ಹೆಚ್ಚಾಗಿ ಊರಿನ ಅಂಚು. ಕೇರಿ ಹೊಸ ಹೆಸರಿನಲ್ಲಿ ಮತ್ತೆ ಊರ ಹೊರಗೇ ನಿಂತಿತು.

ಬೆರೆತು ಬಾಳುವುದನ್ನು ಸರ್ಕಾರವೇ ನೀತಿಯಾಗಿ ಹಿಡಿದ ಉದಾಹರಣೆಗಳು ಬೇರೆಡೆ ಇವೆ. ಬ್ರಿಟನ್ನಿನ ಸಚಿವ ಅನ್ಯೂರಿನ್ ಬೆವನ್, ವೈದ್ಯನೂ ಕಿರಾಣಿಯವನೂ ಕೂಲಿಯವನೂ ಒಂದೇ ಬೀದಿಯಲ್ಲಿರಬೇಕೆಂದು ಬಯಸಿ, ಸರ್ಕಾರಿ ವಸತಿ ದುಡಿಯುವ ವರ್ಗಕ್ಕೆ ಮಾತ್ರ ಎಂಬ ಮಿತಿಯನ್ನು 1949ರ ಕಾಯ್ದೆಯಿಂದ ತೆಗೆಸಿದರು. 1980ರ ನಂತರ ಆ ಮನೆಗಳು ಬಾಡಿಗೆದಾರರಿಗೇ ಮಾರಾಟವಾಗುತ್ತ ಹೋಗಿ ಆ ಆಸೆ ಸೊರಗಿತು. ಸಿಂಗಪುರ 1989ರಿಂದ ಸರ್ಕಾರಿ ವಸತಿಯ ಪ್ರತಿ ಕಟ್ಟಡದಲ್ಲೂ ಜನಾಂಗವಾರು ಮಿತಿ ಇಟ್ಟಿದೆ. ಅಲ್ಲಿನ ಹತ್ತರಲ್ಲಿ ಸುಮಾರು ಎಂಟು ನಿವಾಸಿಗಳು ಸರ್ಕಾರ ಕಟ್ಟಿದ ಮನೆಗಳಲ್ಲೇ ಇರುವುದರಿಂದ ಅದು ಸಾಧ್ಯವಾಗಿದೆ. ನಮ್ಮಲ್ಲಿ ಸರ್ಕಾರ ಸೈಟು ಹಂಚುತ್ತದೆ, ಮನೆ ಕಟ್ಟಲು ನೆರವಾಗುತ್ತದೆ, ಬಾಡಿಗೆಗೆ ಮನೆ ಬೇಕಾದವರ ಕಡೆ ತಿರುಗಿ ನೋಡುವುದು ತೀರ ಕಡಿಮೆ. ಸೈಟು ಕೊಳ್ಳಲಾರದವರಿಗೆ ನಡುಪೇಟೆಯಲ್ಲಿ ಉಳಿಯಲು ಇದ್ದ ಒಂದೇ ದಾರಿ ಬಾಡಿಗೆಯಾದ್ದರಿಂದ, ಸಂತೆಮಾಳಕ್ಕೂ ಜಿಲ್ಲಾಸ್ಪತ್ರೆಗೂ ನಡೆದು ಹೋಗುವಷ್ಟು ಹತ್ತಿರದಲ್ಲಿ ನಗರಸಭೆ ತಾನೇ ಬಾಡಿಗೆಮನೆಗಳನ್ನು ಕಟ್ಟಿಸಬೇಕೆಂದು ನಾನು ಕೇಳುತ್ತೇನೆ.

ಹೊಲಿಗೆಯ ಆ ಹೆಂಗಸು ಈಗ ಊರಾಚೆಯ ಬಡಾವಣೆಯಲ್ಲಿದ್ದಾರೆ. ಗಿರಾಕಿಗಳೆಲ್ಲ ಹಳೆಯ ಬೀದಿಯವರೇ ಆದ್ದರಿಂದ ಯಂತ್ರವನ್ನು ಪೇಟೆಯ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಇಟ್ಟುಕೊಂಡು, ಬೆಳಗಿನ ಮೊದಲ ಬಸ್ಸಿಗೆ ಬಂದು, ದೀಪ ಹಚ್ಚುವ ಹೊತ್ತಿಗೆ ಶೇರ್ ಆಟೋ ಹಿಡಿದು ಹಿಂತಿರುಗುತ್ತಾರೆ.