ಪದ ಪರಿಚಯ: ರಿಮೋಟ್ ಆಕ್ಸೆಸ್

ಒಂದೆಡೆ ಕುಳಿತವರು ಇನ್ನೊಂದೆಡೆ ಇರುವ ಕಂಪ್ಯೂಟರಿನ ಪರದೆಯನ್ನು ಅಂತರ್ಜಾಲದ ಮೂಲಕ ನೋಡುತ್ತಾ, ಅದರ ಮುಂದೆಯೇ ಕುಳಿತವರಂತೆ ಮೌಸ್ ಮತ್ತು ಕೀಬೋರ್ಡನ್ನು ಬಳಸುವ ವ್ಯವಸ್ಥೆಗೆ ರಿಮೋಟ್ ಆಕ್ಸೆಸ್ ಎನ್ನುತ್ತಾರೆ. ಈ ವ್ಯವಸ್ಥೆಯ ನೆರವಿನಿಂದ ಮಾಡುವ ದುರಸ್ತಿ ಕೆಲಸಕ್ಕೆ ರಿಮೋಟ್ ಸಪೋರ್ಟ್ ಎಂದು ಹೆಸರು. ನಮ್ಮ ಅಂಗಡಿ ಮತ್ತು ಸಣ್ಣ ಕಚೇರಿಗಳಲ್ಲಿ ಇವೆರಡಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು "ಎನಿಡೆಸ್ಕ್ ನಂಬರ್ ಹೇಳಿ ಸಾರ್" ಎಂಬ ಮಾತು. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯಲ್ಲಿ ಜಿಎಸ್‌ಟಿ ಲೆಕ್ಕ ತಾಳೆಯಾಗದಿದ್ದರೂ, ಬಿಲ್ ಪ್ರಿಂಟರ್ ಕೈಕೊಟ್ಟರೂ ಫೋನಿನ ಆ ಕಡೆಯಿಂದ ಬರುವ ಮೊದಲ ಉತ್ತರ ಅದೇ ಆಗಿರುತ್ತದೆ.

ವಿಂಡೋಸ್ ಲೋಕದಲ್ಲಿ ಈ ತಂತ್ರಕ್ಕೆ ಎರಡು ದಶಕಗಳಿಗೂ ಮೀರಿದ ಇತಿಹಾಸವಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ರಿಮೋಟ್ ಅಸಿಸ್ಟೆನ್ಸ್ ಎಂಬ ಸೌಲಭ್ಯವಿತ್ತು. 2016ರಲ್ಲಿ ವಿಂಡೋಸ್ 10ರ ಜೊತೆ ಅದೇ ಬಗೆಯ ಕ್ವಿಕ್ ಅಸಿಸ್ಟ್ ಸೇರಿಕೊಂಡಿತು. ಟೀಮ್‌ವ್ಯೂವರ್ ಮತ್ತು ಎನಿಡೆಸ್ಕ್ ಎರಡೂ ಜರ್ಮನಿಯಲ್ಲಿ ಹುಟ್ಟಿದ ತಂತ್ರಾಂಶಗಳು. ಇವು ಜನಪ್ರಿಯವಾಗಲು ಮುಖ್ಯ ಕಾರಣ, ಮನೆಯ ರೌಟರಿನಲ್ಲಿ ಯಾವ ಬದಲಾವಣೆಯನ್ನೂ ಮಾಡದೆ ಇವನ್ನು ಬಳಸಬಹುದು ಎಂಬುದು. ಎರಡೂ ಕಂಪ್ಯೂಟರುಗಳು ತಾವಾಗಿಯೇ ಆ ಕಂಪನಿಯ ಸರ್ವರನ್ನು ಸಂಪರ್ಕಿಸುತ್ತವೆ, ಸರ್ವರ್ ಅವೆರಡನ್ನೂ ಬೆಸೆಯುತ್ತದೆ; ನಾವು ಹೇಳುವ ನಂಬರು ಯಾವ ಕಂಪ್ಯೂಟರನ್ನು ಯಾವುದಕ್ಕೆ ಬೆಸೆಯಬೇಕೆಂದು ತಿಳಿಸುವ ಗುರುತು ಮಾತ್ರ. ಆಮೇಲೆ ಇತ್ತ ಕಡೆಯಿಂದ ಪರದೆಯ ಚಿತ್ರದಲ್ಲಿ ಬದಲಾದ ಭಾಗಗಳು ಸಂಕುಚಿತ ರೂಪದಲ್ಲಿ ಹೋಗುತ್ತವೆ, ಅತ್ತ ಕಡೆಯಿಂದ ಮೌಸಿನ ಚಲನೆ ಮತ್ತು ಕೀಲಿಗಳ ಒತ್ತು ಬರುತ್ತವೆ. ಹಳ್ಳಿಯ ನಿಧಾನಗತಿಯ ಸಂಪರ್ಕದಲ್ಲೂ ಕೆಲಸ ನಡೆಯುವುದು ಇದರಿಂದಲೇ.

ಒಂದು ಸಾಮಾನ್ಯ ಉದಾಹರಣೆಯನ್ನು ನೋಡೋಣ. ಹಾಸನದ ಅಂಗಡಿಯೊಂದರಲ್ಲಿ ಬಿಲ್ ಮುದ್ರಣವಾಗುತ್ತಿಲ್ಲ, ಕಳುಹಿಸಿದ ಬಿಲ್ಲುಗಳೆಲ್ಲ ಸರದಿಯಲ್ಲೇ ಸಿಕ್ಕಿಕೊಂಡಿವೆ. ಬೆಂಗಳೂರಿನಲ್ಲಿರುವ ತಂತ್ರಜ್ಞರು ನಂಬರನ್ನು ಕೇಳಿ ಪಡೆದು, ಮಾಲೀಕರು ಅನುಮತಿಯ ಗುಂಡಿಯನ್ನು ಒತ್ತಿದ ಮೇಲೆ ಒಳಬಂದು, ಸರ್ವೀಸಸ್ ಪಟ್ಟಿಯಲ್ಲಿ ಮುದ್ರಣದ ಸರದಿಯನ್ನು ನೋಡಿಕೊಳ್ಳುವ ಪ್ರಿಂಟ್ ಸ್ಪೂಲರನ್ನು ನಿಲ್ಲಿಸಿ, ಸರದಿಯ ಕಡತಗಳನ್ನು ಅಳಿಸಿ, ಮತ್ತೆ ಅದನ್ನು ಚಾಲೂ ಮಾಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಈ ನಡುವೆ ಒಮ್ಮೆ ಪರದೆ ಮಂಕಾಗಿ, ಈ ತಂತ್ರಾಂಶಕ್ಕೆ ಬದಲಾವಣೆ ಮಾಡಲು ಬಿಡಬಹುದೇ ಎಂದು ವಿಂಡೋಸ್ ಕೇಳಬಹುದು. ಕ್ವಿಕ್ ಅಸಿಸ್ಟ್‌ನಲ್ಲಿ ಸಾಮಾನ್ಯವಾಗಿ ಆ ಕ್ಷಣ ತಂತ್ರಜ್ಞರಿಗೆ ಏನೂ ಕಾಣಿಸುವುದಿಲ್ಲ, "ಸಾರ್, ಯೆಸ್ ಒತ್ತಿ" ಎಂದು ಅವರು ಫೋನಿನಲ್ಲಿಯೇ ಹೇಳಬೇಕಾಗುತ್ತದೆ. ಇದು ದೋಷವಲ್ಲ. ಕಂಪ್ಯೂಟರಿನ ಆಡಳಿತಕ್ಕೆ ಸಂಬಂಧಿಸಿದ ತೀರ್ಮಾನವನ್ನು ಅದರ ಮುಂದೆ ಕುಳಿತವರೇ ಕೈಗೊಳ್ಳಲಿ ಎಂದು ಉದ್ದೇಶಪೂರ್ವಕವಾಗಿ ಇಟ್ಟ ತಡೆ ಅದು. ಆದ್ದರಿಂದ ಆ ಕಿಟಕಿಯಲ್ಲಿ ಯಾವ ತಂತ್ರಾಂಶದ ಹೆಸರಿದೆ ಎಂದು ಓದದೆ ಯೆಸ್ ಒತ್ತುವುದು ತರವಲ್ಲ.

ಈ ಪದವನ್ನು ಅರಿಯುವಾಗ ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಅದರ ಎರಡು ಬಗೆಗಳನ್ನು. ಪ್ರತಿ ಸಲವೂ ಮಾಲೀಕರು ಒಪ್ಪಿಗೆ ಕೊಟ್ಟ ನಂತರವೇ ತೆರೆದುಕೊಂಡು, ಕೆಲಸ ಮುಗಿದೊಡನೆ ಕೊನೆಗೊಳ್ಳುವುದು ಅಟೆಂಡೆಡ್ ಆಕ್ಸೆಸ್. ಕ್ವಿಕ್ ಅಸಿಸ್ಟ್ ಈ ಬಗೆಯದು. ಅದರಲ್ಲಿ ನೆರವು ನೀಡುವವರು ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ ಒಂದು ಸಂಕೇತವನ್ನು ಪಡೆದು ನಮಗೆ ಹೇಳುತ್ತಾರೆ, ಆ ಸಂಕೇತದ ಅವಧಿ ಕೆಲವೇ ನಿಮಿಷ. ಇನ್ನೊಂದು, ಮೊದಲೇ ಒಂದು ಪಾಸ್‌ವರ್ಡನ್ನು ಹೊಂದಿಸಿಟ್ಟು, ಕಂಪ್ಯೂಟರಿನ ಮುಂದೆ ಯಾರೂ ಇಲ್ಲದಾಗಲೂ ಒಳಬರಲು ಅವಕಾಶ ಕೊಡುವ ಅನ್‌ಅಟೆಂಡೆಡ್ ಆಕ್ಸೆಸ್. ತಂತ್ರಜ್ಞರಿಗೆ ಅಂಗಡಿಯ ಬೀಗದ ಕೈಯ ನಕಲೊಂದನ್ನು ಮಾಡಿಸಿ ಕೊಟ್ಟಂತೆ ಇದು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಿಕೊಳ್ಳಬೇಕಾದವರಿಗೆ ಇದು ನಿಜವಾಗಿ ಉಪಯುಕ್ತ. ಆದರೆ ಅನೇಕ ಕಡೆ ಇದನ್ನು ಮಾಲೀಕರಿಗೆ ತಿಳಿಸದೆಯೇ, "ಪದೇ ಪದೇ ಕೇಳುವುದೇಕೆ" ಎಂಬ ಅನುಕೂಲದ ಲೆಕ್ಕದಲ್ಲಿ ಹೊಂದಿಸಿ ಬಿಡಲಾಗುತ್ತದೆ. ತಂತ್ರಜ್ಞರು ಕೆಲಸ ಬಿಟ್ಟು ಹೋದರೂ ಪಾಸ್‌ವರ್ಡ್ ಹಾಗೆಯೇ ಉಳಿಯುತ್ತದೆ. ಹಲವು ಗ್ರಾಹಕರಿಗೆ ಒಂದೇ ಪಾಸ್‌ವರ್ಡ್ ಇಟ್ಟಿದ್ದರೆ ಒಂದು ಕಡೆ ಸೋರಿದ್ದು ಎಲ್ಲರಿಗೂ ಅಪಾಯ ತರುತ್ತದೆ. ಒಳ್ಳೆಯ ತಂತ್ರಜ್ಞರು ಇದನ್ನು ಕೇಳಿಯೇ ಹೊಂದಿಸುತ್ತಾರೆಂಬುದು ನನ್ನ ಖಚಿತ ಅಭಿಪ್ರಾಯ. ಕೇಳದವರನ್ನು ನಾವೇ ಕೇಳಬೇಕು. ಎನಿಡೆಸ್ಕ್‌ನ ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಅನ್‌ಅಟೆಂಡೆಡ್ ಆಕ್ಸೆಸ್ ಚಾಲ್ತಿಯಲ್ಲಿದೆಯೇ ಎಂಬುದು ಕಾಣಿಸುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿದರೆ, ಹಿಂದೆಂದೋ ಯಾರೋ ಹಾಕಿ ಮರೆತ ಇಂಥ ತಂತ್ರಾಂಶಗಳೂ ಕಣ್ಣಿಗೆ ಬೀಳಬಹುದು.

ವಿಂಡೋಸ್‌ನ ಪ್ರೋ ಆವೃತ್ತಿಯಲ್ಲಿರುವ ರಿಮೋಟ್ ಡೆಸ್ಕ್‌ಟಾಪ್ ಕೂಡ ಈ ಎರಡನೆಯ ಬಗೆಗೇ ಸೇರುತ್ತದೆ. ಹೋಮ್ ಆವೃತ್ತಿಯ ಕಂಪ್ಯೂಟರಿಗೆ ಹೀಗೆ ಹೊರಗಿನಿಂದ ಪ್ರವೇಶ ಪಡೆಯಲು ಬರುವುದಿಲ್ಲ. ಮನೆಯಿಂದ ಕಚೇರಿಯ ಕಂಪ್ಯೂಟರನ್ನು ಬಳಸಲೆಂದು ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನು, ಅಂದರೆ ಹೊರಗಿನ ಸಂಪರ್ಕ ಒಳಬರುವ ಬಾಗಿಲನ್ನು, ನೇರವಾಗಿ ತೆರೆದಿಡುವುದು ಸಣ್ಣ ಉದ್ಯಮಗಳಲ್ಲಿ ಕಂಡುಬರುವ ರೂಢಿ, ಬಲು ಅಪಾಯದ ರೂಢಿ ಕೂಡ. ಇಂಥ ತೆರೆದ ಪೋರ್ಟುಗಳನ್ನು ಹುಡುಕುತ್ತಲೇ ಇರುವ ಯಂತ್ರಗಳು ಜಗತ್ತಿನೆಲ್ಲೆಡೆ ಇವೆ. ಕಡತಗಳನ್ನು ಒತ್ತೆಯಿಟ್ಟುಕೊಳ್ಳುವ ರ‍್ಯಾನ್ಸಮ್‌ವೇರ್ ಒಳನುಗ್ಗುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಬ್ಲೂಕೀಪ್ ಎಂಬ ದೋಷ 2019ರಲ್ಲಿ ಪತ್ತೆಯಾದಾಗ, ಬೆಂಬಲ ನಿಲ್ಲಿಸಿ ವರ್ಷಗಳೇ ಆಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪರಿಹಾರ ಬಿಡುಗಡೆ ಮಾಡಿತೆಂದರೆ ಅದರ ತೀವ್ರತೆಯನ್ನು ಊಹಿಸಬಹುದು. ಹೊರಗಿನಿಂದ ಬಳಸಲೇಬೇಕಾದವರು ವಿಪಿಎನ್ (ಅಂತರ್ಜಾಲದೊಳಗಿನ ಸುರಕ್ಷಿತ ಖಾಸಗಿ ದಾರಿ) ಮೂಲಕ ಮಾತ್ರ ಬಳಸುವುದು ಲೇಸು.

ವಂಚಕರೂ ಇದೇ ತಂತ್ರವನ್ನು ಬಳಸುತ್ತಾರೆ. 2019ರ ಫೆಬ್ರವರಿಯಲ್ಲಿಯೇ ಭಾರತೀಯ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಮೂಲಕ ನಡೆಯುವ ಯುಪಿಐ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ತಪ್ಪು ತಂತ್ರಾಂಶದ್ದಲ್ಲ, ಆದರೆ ಮೊಬೈಲಿನ ಪರದೆಯನ್ನು ಹಂಚಿಕೊಂಡರೆ ಅದರಲ್ಲಿ ಬರುವ ಒಟಿಪಿಯೂ ಎದುರಿನವರಿಗೆ ಕಾಣಬಹುದು ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಕಂಪ್ಯೂಟರಿನಲ್ಲಿ ವಂಚಕರ ಹಳೆಯ ಕೈಚಳಕಕ್ಕೆ ಸಾಧನ, ಕಂಪ್ಯೂಟರಿನ ಆಗುಹೋಗುಗಳ ದಾಖಲೆಯನ್ನು ತೋರಿಸುವ ಇವೆಂಟ್ ವ್ಯೂವರ್. ಕಂಪನಿಯವರೆಂದು ಹೇಳಿಕೊಂಡು ಒಳಬಂದು, ಅದನ್ನು ತೆರೆದು, ಕೆಂಪು ಗುರುತಿನ ಸಾಲುಗಳನ್ನು ತೋರಿಸಿ "ನೋಡಿ, ಎಷ್ಟೊಂದು ವೈರಸ್" ಎನ್ನುತ್ತಾರೆ. ಚೆನ್ನಾಗಿ ನಡೆಯುತ್ತಿರುವ ವಿಂಡೋಸ್ ಕಂಪ್ಯೂಟರಿನಲ್ಲೂ ಆ ಬಗೆಯ ಸಾಲುಗಳು ಇದ್ದೇ ಇರುತ್ತವೆ, ಅವು ವೈರಸ್ಸಿನ ಗುರುತಲ್ಲ. ಮೈಕ್ರೋಸಾಫ್ಟ್ ತಾನಾಗಿಯೇ ಕರೆ ಮಾಡಿ ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳುವುದೂ ಇಲ್ಲ.

ರಿಮೋಟ್ ಸಪೋರ್ಟಿಗೆ ಅದರದೇ ಮಿತಿಗಳಿವೆ. ಕಂಪ್ಯೂಟರ್ ಚಾಲೂ ಆಗದಿದ್ದರೆ, ಅಂತರ್ಜಾಲ ಸಂಪರ್ಕವೇ ಇಲ್ಲದಿದ್ದರೆ, ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿದ್ದರೆ ತಂತ್ರಜ್ಞರು ಖುದ್ದಾಗಿ ಬರಲೇಬೇಕು. ಉಳಿದ ಸಂದರ್ಭಗಳಲ್ಲಿ, ನಾವೇ ಕರೆ ಮಾಡಿ ಕೇಳಿದ ನೆರವಾದರೆ, ಬ್ಯಾಂಕಿನ ಪುಟ ಮತ್ತು ಖಾಸಗಿ ಕಡತಗಳನ್ನು ಮೊದಲೇ ಮುಚ್ಚಿ, ಕೆಲಸ ಮುಗಿಯುವವರೆಗೂ ಪರದೆಯ ಮುಂದೆಯೇ ಕುಳಿತಿರುವುದು ಸರಿಯಾದ ಕ್ರಮ. ಒಂದು ತಂತ್ರಾಂಶದಲ್ಲಿ ಕಾಪಿ ಮಾಡಿದ ಪಾಸ್‌ವರ್ಡ್ ಕಾಪಿ ಮಾಡಿದ್ದನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕ್ಲಿಪ್‌ಬೋರ್ಡ್ ಮೂಲಕ ಆ ಕಡೆಗೂ ಹೋಗಬಹುದಾದ್ದರಿಂದ ಸಂಪರ್ಕದ ನಡುವೆ ಪಾಸ್‌ವರ್ಡುಗಳನ್ನು ಕಾಪಿ ಮಾಡಬಾರದು. ಪರದೆ ಇದ್ದಕ್ಕಿದ್ದಂತೆ ಕಪ್ಪಾಗಿ ಮೌಸ್ ನಮ್ಮ ಕೈಗೆ ಸಿಗದಿದ್ದರೆ, ಗುಂಡಿಗಳನ್ನು ಹುಡುಕುತ್ತ ಕೂರದೆ ರೌಟರಿನ ಸ್ವಿಚ್ ಆರಿಸಬೇಕು ಅಥವಾ ಕೇಬಲ್ ಕಿತ್ತುಬಿಡಬೇಕು. ಸಂಪರ್ಕ ಆಗಲೇ ಕಡಿದುಹೋಗುತ್ತದೆ. ಬಳಿಕ ಬೇರೊಂದು ಸಾಧನದಿಂದ ಪಾಸ್‌ವರ್ಡುಗಳನ್ನು ಬದಲಿಸಿ, ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು.