ಒತ್ತೊತ್ತಾಗಿ ಕೂತ ಚಿಕ್ಕ ಎಲೆಗಳು

ಡ್ಯೂಸ್-ಟು-ಸೆವೆನ್ ಟ್ರಿಪಲ್ ಡ್ರಾ ಎಂಬ ಇಸ್ಪೀಟಿನಾಟದಲ್ಲಿ ಬೇಡದ ಎಲೆಗಳನ್ನು ಎಸೆದು ಹೊಸದನ್ನು ಪಡೆಯುವ ಅವಕಾಶ, ಅಂದರೆ ಡ್ರಾ, ಮೂರು ಸಲ ಸಿಗುತ್ತದೆ. ಅದನ್ನು ಆಡಲು ಕೂತ ಹೊಸಬರಿಗೆ ಮೊದಲ ಹಂಚಿಕೆಯಲ್ಲಿ 3, 4, 5, 6 ಮತ್ತು ಒಂದು ರಾಜ ಬಂದರೆ ಮುಖ ಅರಳುತ್ತದೆ. ಐದು ಎಲೆಗಳ ಕಡಿಮೆಯ ಕೈಯೇ ಗೆಲ್ಲುವ ಈ ಪೋಕರ್‌ನಲ್ಲಿ ನಾಲ್ಕೂ ಎಲೆಗಳು ಚಿಕ್ಕವು. ರಾಜನನ್ನು ಎಸೆದು ಇನ್ನೊಂದು ಚಿಕ್ಕ ಎಲೆ ಪಡೆದರಾಯಿತು ಎಂಬುದು ಅವರ ಲೆಕ್ಕ. ಅದೇ 2, 3, 4, 7 ಮತ್ತು ರಾಜ ಬಂದರೆ ಆ 7 ಕಣ್ಣು ಚುಚ್ಚುತ್ತದೆ. ಆದರೆ ಎರಡನೆಯ ಕೈಗೆ ಮೊದಲನೆಯದಕ್ಕಿಂತ ಮೂರು ಪಟ್ಟು ಹೆಚ್ಚು ದಾರಿಗಳಿವೆ.

ಇಲ್ಲಿ ಎಕ್ಕ ದೊಡ್ಡ ಎಲೆ. ಸ್ಟ್ರೈಟ್ (ಸಾಲಾಗಿ ಬರುವ ಐದು ಎಲೆಗಳು) ಮತ್ತು ಫ್ಲಶ್ (ಒಂದೇ ಗುರುತಿನ ಐದು ಎಲೆಗಳು) ಎರಡೂ ಕೈಯನ್ನು ಕೆಡಿಸುತ್ತವೆ. ಆದ್ದರಿಂದಲೇ ಅತ್ಯುತ್ತಮ ಕೈ 7-5-4-3-2. ಅತಿ ದೊಡ್ಡ ಎಲೆ 8 ಅಥವಾ ಅದಕ್ಕಿಂತ ಚಿಕ್ಕದಾಗಿರುವ ಕೈ ಕಟ್ಟುವುದು ಗುರಿಯೆಂದೂ, ಉಳಿಸಿಕೊಂಡ ನಾಲ್ಕೂ ಎಲೆಗಳು ಒಂದೇ ಗುರುತಿನವಲ್ಲವೆಂದೂ ಇಟ್ಟುಕೊಳ್ಳೋಣ. 3-4-5-6ಕ್ಕೆ 2 ಬಂದರೂ ಸ್ಟ್ರೈಟ್, 7 ಬಂದರೂ ಸ್ಟ್ರೈಟ್. ಉಪಯೋಗಕ್ಕೆ ಬರುವುದು ನಾಲ್ಕು 8ಗಳು ಮಾತ್ರ. 2-3-4-7ಕ್ಕಾದರೋ 5, 6, 8 ಯಾವುದಾದರೂ ಆಗುತ್ತದೆ, ಅಂದರೆ ಹನ್ನೆರಡು ಎಲೆಗಳು. ಬೆಂಚಿನ ಮೇಲೆ ನಾಲ್ವರು ಒತ್ತೊತ್ತಾಗಿ ಕೂತರೆ ಐದನೆಯವನಿಗೆ ಜಾಗ ತುದಿಯಲ್ಲಷ್ಟೇ. ಇಲ್ಲಿ ಆ ತುದಿಗಳೆರಡೂ ಮುರಿದಿವೆ. ನಡುವೆ ಜಾಗ ಬಿಟ್ಟು ಕೂತವರ ನಡುವೆ ಯಾರು ಬೇಕಾದರೂ ಬಂದು ಕೂರಬಹುದು.

ಈಗ ಮೂರು ಡ್ರಾಗಳ ಮಾತು. ಕಾಣದ 47 ಎಲೆಗಳಲ್ಲಿ 12 ಒಳ್ಳೆಯವು ಎಂದರೆ ಒಂದು ಡ್ರಾಗೆ ಶೇ. 25.5, ಮೂರಕ್ಕೆ ಶೇ. 76.5 ಎಂದು ಕೂಡಿಸುವವರು ಬಹಳ. ಈ ತಪ್ಪು ಬಲು ಹಳೆಯದು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚು. ಹಾಗಿದ್ದರೆ ಎರಡು ದಾಳಗಳನ್ನು 24 ಸಲ ಎಸೆದಾಗ ಜೋಡಿ ಆರು ಬೀಳುವ ಸಂಭವವೂ ಅಷ್ಟೇ ಇರಬೇಕಲ್ಲವೇ, 6ಕ್ಕೆ 4 ಹೇಗೋ 36ಕ್ಕೆ 24 ಹಾಗೆ ಎಂದು ಫ್ರಾನ್ಸಿನ ಜೂಜುಗಾರ ಶೆವಾಲಿಯೇ ದ ಮೇರೆ ತರ್ಕಿಸಿದ್ದ. 1654ರಲ್ಲಿ ಗಣಿತಜ್ಞ ಪಾಸ್ಕಲ್ ಇನ್ನೊಬ್ಬ ಗಣಿತಜ್ಞ ಫರ್ಮಾಗೆ ಬರೆದ ಪತ್ರದಲ್ಲಿ ಈ ತೊಡಕಿನ ಪ್ರಸ್ತಾಪವಿದೆ. ಮೊದಲನೆಯದು ಶೇ. 51.8, ಎರಡನೆಯದು ಶೇ. 49.1. ಅರ್ಧದ ಗೆರೆ ಈ ಎರಡರ ನಡುವೆ ಹಾದುಹೋಗುತ್ತದೆ.

ಗೆಲುವುಗಳನ್ನು ಕೂಡಿಸಬಾರದು, ಸೋಲುಗಳನ್ನು ಗುಣಿಸಬೇಕು. ಮೂರು ಜರಡಿಗಳನ್ನು ಒಂದರ ಕೆಳಗೊಂದು ಹಿಡಿದಂತೆ ಇದು: ಎರಡನೆಯ ಜರಡಿಗೆ ಬೀಳುವುದು ಮೊದಲನೆಯದರಿಂದ ಜಾರಿದ ಕಾಳು ಮಾತ್ರ. 35/47, 34/46, 33/45 ಇವುಗಳ ಗುಣಲಬ್ಧ ಶೇ. 40.4. ಅಷ್ಟು ಸಲ ಕೈ ಕೂಡುವುದಿಲ್ಲ, ಶೇ. 59.6ರಷ್ಟು ಸಲ ಕೂಡುತ್ತದೆ. 3-4-5-6ಕ್ಕೆ ಇದೇ ಲೆಕ್ಕ ಹಾಕಿದರೆ ಸಿಗುವುದು ಶೇ. 23.9.

ಎರಡು ಸಲ ತಪ್ಪಿದ ಮೇಲೆ ಮೂರನೆಯದು ಬಂದೇ ತೀರುತ್ತದೆ ಎಂಬ ನಂಬಿಕೆ ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡುತ್ತದೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ, ಕಪ್ಪು-ಕೆಂಪು ಮನೆಗಳ ಚಕ್ರ ತಿರುಗಿಸಿ ಆಡುವ ರೂಲೆಟ್ ಮೇಜಿನಲ್ಲಿ ಸತತ 26 ಸಲ ಕಪ್ಪು ಬಿದ್ದಾಗ, ಇನ್ನು ಕೆಂಪೇ ಬರಬೇಕು ಎಂದು ಪಣ ಕಟ್ಟಿದವರು ಅಪಾರ ಹಣ ಕಳೆದುಕೊಂಡರು. ರೂಲೆಟ್ ಚಕ್ರಕ್ಕೆ ನೆನಪಿಲ್ಲ. ಇಸ್ಪೀಟಿನ ಕಟ್ಟಿಗೆ ತುಸು ನೆನಪಿದೆ, ಏಕೆಂದರೆ ಬಂದು ಹೋದ ಕೆಟ್ಟ ಎಲೆ ಮತ್ತೆ ಎಣಿಕೆಗೆ ಸೇರುವುದಿಲ್ಲ. ಆದರೂ ಮೂರು ಡ್ರಾಗಳಲ್ಲಿ ಸಂಭವ ಶೇ. 25.5ರಿಂದ 26.1ಕ್ಕೆ, ಅಲ್ಲಿಂದ 26.7ಕ್ಕೆ ಏರುತ್ತದೆ, ಅಷ್ಟೇ. ಎದುರಾಳಿಗಳ ಕೈಯಲ್ಲಿರುವ ಎಲೆಗಳು ನಮಗೆ ಕಾಣದಿರುವವರೆಗೆ ಅವೂ ಕಟ್ಟಿನಲ್ಲಿದ್ದಂತೆಯೇ ಲೆಕ್ಕ.

ನಾಲ್ಕು ಎಲೆಗಳಿಲ್ಲದೆ 2, 3, 7 ಮಾತ್ರ ಇದ್ದು, ಜೊತೆಗೆ ರಾಣಿ ಮತ್ತು ರಾಜ ಬಂದಿದ್ದರೆ ಆ ಎರಡನ್ನೂ ಎಸೆಯುವುದು ಸರಿ. 4, 5, 6, 8ರಲ್ಲಿ ಒಂದಾದರೂ ಮೊದಲ ಡ್ರಾದಲ್ಲೇ ಸಿಗುವ ಸಂಭವ ಶೇ. 57. ನನಗೆ ಇನ್ನೂ ಇಷ್ಟವಾಗುವ ಸಂಗತಿ ಬೇರೆ: ಆ ನಾಲ್ಕರಲ್ಲಿ ಯಾವುದು ಬಂದರೂ ಮುಂದಿನ ಡ್ರಾಗೆ ಉಳಿದ ಮೂರೂ ಬಗೆಯ ಎಲೆಗಳು ಒಳ್ಳೆಯವಾಗಿಯೇ ಉಳಿಯುತ್ತವೆ. ಸ್ಟ್ರೈಟ್ ಆಗಬೇಕಾದರೆ ಐದು ಎಲೆಗಳು ಸಾಲಾಗಿ ನಿಲ್ಲಬೇಕು. 2ರಿಂದ 7ರವರೆಗೆ ಆರು ಮೆಟ್ಟಿಲುಗಳಿರುವುದರಿಂದ, ಅವೆರಡೂ ಒಂದೇ ಕೈಯಲ್ಲಿರುವ ತನಕ ಆ ಸಾಲು ಕೂಡುವುದೇ ಇಲ್ಲ.